ಅವಳ ಮುಖ ನೋಡಿ ಹಾಕಿದ ಅಂಕ

ಮೊದಲ ದಿನವೇ ಅವಳು ಅವನ ಬಾಯಿಗೆ ಬೀಗ ಹಾಕಿದ್ದಳು. ಯಾವ ರೋಗಿಯ ಬಗ್ಗೆಯೂ ತನ್ನನ್ನು ಕೇಳಕೂಡದು, ತಾನೂ ಹೇಳುವುದಿಲ್ಲ, ಬಂದು ಕೈ ನೋಡಿ ಅಂಕ ಹಾಕಿ ಹೋಗುತ್ತಿರಬೇಕು ಎಂದಳು. ಅವನು ಡಯಾಲಿಸಿಸ್ ವಿಭಾಗದ ಹಳೆಯ ನರ್ಸ್, ಅವಳ ವಾರ್ಡಿಗೆ ಅಂಕ ಹಾಕಲೆಂದೇ ಬಂದವನು. ಹೀಗೆ ಮುಖಕ್ಕೆ ಹೊಡೆದ ಹಾಗೆ ಅವನೊಡನೆ ಯಾರೂ ಮಾತಾಡಿರಲಿಲ್ಲ. ಸಿಟ್ಟು ಬರಬೇಕಿತ್ತು. ಆದರೆ ಅವಳು ಕಿವಿಯ ಹಿಂದಿನಿಂದ ಜಾರಿದ ಕೂದಲನ್ನು ಪೆನ್ನಿನ ತುದಿಯಿಂದ ಹಿಂದಕ್ಕೆ ತಳ್ಳಿದ್ದನ್ನೇ ನೋಡುತ್ತ ನಿಂತುಬಿಟ್ಟ.

“ಏನಾದ್ರೂ ಡೌಟ್ ಇದ್ಯಾ, ಬ್ರದರ್?” ಎಂದಳು.

ಆಸ್ಪತ್ರೆಯಲ್ಲಿ ಗಂಡು ನರ್ಸಿಗೆ ಎಲ್ಲರೂ ಬ್ರದರ್ ಅನ್ನುವವರೇ. ಆ ಮಾತು ಅವನ ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಅವತ್ತು ಮಾತ್ರ ಯಾಕೋ ಮುಳ್ಳಿನ ಹಾಗೆ ಚುಚ್ಚಿತು.

ವಾರ್ಡಿನವರು ಅವಳಿಗೆ ಪುರಾವೆ ಸಿಸ್ಟರ್ ಎಂದು ಹೆಸರಿಟ್ಟಿದ್ದರು. ಮೊದಲಿಂದಲೂ ಹೀಗೇ ಮಾಡುತ್ತ ಬಂದಿದ್ದೇವೆ ಎಂದು ಯಾರಾದರೂ ಹೇಳಿದರೆ ಸಾಕು, ಅದಕ್ಕೆ ಪುರಾವೆ ಏನಿದೆ ಎಂದು ಕೇಳಿ ಅವರ ಊಟದ ರುಚಿ ಕೆಡಿಸುತ್ತಿದ್ದಳು. ಈ ಸಲ ಅವಳು ಬೆನ್ನು ಹತ್ತಿದ್ದು ಡ್ರಿಪ್ ಸೂಜಿಯನ್ನು. ಕೈಯಲ್ಲಿ ಚುಚ್ಚಿದ ಸೂಜಿ ಚೆನ್ನಾಗಿದ್ದರೂ ಮೂರು ದಿನಕ್ಕೊಮ್ಮೆ ಅದನ್ನು ಕಿತ್ತು ಬೇರೆ ಕಡೆ ಚುಚ್ಚುವುದು ಆ ಆಸ್ಪತ್ರೆಯ ರೂಢಿ. ನೋವು, ಕೆಂಪು ಕಂಡಾಗ ಮಾತ್ರ ಬದಲಿಸಿದರೆ ಸಾಲದೇ ಎಂಬುದು ಅವಳ ಪ್ರಶ್ನೆ. ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದಳು. ಒಂದು ಗುಂಪಿಗೆ ಹಳೆಯ ರೂಢಿ, ಇನ್ನೊಂದಕ್ಕೆ ಹೊಸದು. ಸೂಜಿಯ ಸುತ್ತ ಎಷ್ಟು ಕೆಂಪಾಗಿದೆ ಎಂದು ಅಂಕ ಹಾಕುವವನಿಗೆ ಯಾರು ಯಾವ ಗುಂಪೆಂದು ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಅದಕ್ಕೇ ಆ ಬೀಗ.

ಕೆಲಸದ ಮಾತು ಆಡುವಂತಿಲ್ಲವಾದ್ದರಿಂದ ಅವರು ಉಳಿದದ್ದನ್ನೆಲ್ಲ ಆಡಿದರು. ಅವಳ ತಂಗಿಯ ಗೊರಕೆ, ಅವನ ಅಮ್ಮ ಅವನಿಗಾಗಿ ನೋಡಿ ಬೇಡವೆಂದ ಹೆಣ್ಣುಗಳು, ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಸರ್ಜನ್. ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಎಷ್ಟು ಮಾತು ಹಿಡಿಯುತ್ತದೋ ಅಷ್ಟು. ರೋಗಿಯ ಹತ್ತಿರ ಬಂದೊಡನೆ ಅವಳು ಮಂಚದ ಕಾಲ್ದೆಸೆಯಲ್ಲಿ ನಿಂತು ತುಟಿ ಹೊಲಿದುಕೊಂಡವಳಂತೆ ಸುಮ್ಮನಾಗುತ್ತಿದ್ದಳು. ನಡುನಡುವೆ ಅವನು ತಲೆಯೆತ್ತಿದರೆ ಅವಳ ಕಣ್ಣು ಅವನ ಕಣ್ಣಿಗೆ ಸಿಕ್ಕಿ, ತಕ್ಷಣ ಕಿಟಕಿಯ ಕಡೆ ಓಡುತ್ತಿತ್ತು.

ತುಟಿ ಸುಮ್ಮನಿದ್ದರೇನು, ಮುಖ ಸುಮ್ಮನಿರಬೇಕಲ್ಲ. ಕೆಲವು ರೋಗಿಗಳ ಕೈ ನೋಡುವಾಗ ಅವಳು ಉಗುರಿನ ಬಣ್ಣ ನೋಡಿಕೊಳ್ಳುತ್ತ ನಿಶ್ಚಿಂತೆಯಿಂದ ನಿಂತಿರುತ್ತಿದ್ದಳು. ಇನ್ನು ಕೆಲವರ ಕೈ ನೋಡುವಾಗ ಕೆಳತುಟಿ ಹಲ್ಲಿಗೆ ಸಿಕ್ಕುತ್ತಿತ್ತು, ಉಸಿರು ಅರ್ಧದಲ್ಲಿ ನಿಲ್ಲುತ್ತಿತ್ತು. ಯಾವ ಗುಂಪಿನ ಮೇಲೆ ಅವಳ ಜೀವ ಇದೆ ಎಂದು ತಿಳಿಯಲು ಅವನಿಗೆ ಯಾವ ಚೀಟಿಯೂ ಬೇಕಿರಲಿಲ್ಲ. ಬೇಕೆಂದೇ ಅವನು ಸುಳ್ಳು ಅಂಕ ಹಾಕಲಿಲ್ಲ. ಇದು ಕೆಂಪೋ ಚರ್ಮದ ಬಣ್ಣವೋ ಎಂದು ಅನುಮಾನ ಬಂದಾಗಲೆಲ್ಲ ಕಚ್ಚಿಕೊಂಡ ಆ ತುಟಿಯ ಕಡೆ ಒಮ್ಮೆ ನೋಡಿ, ಕೆಂಪಿಲ್ಲವೆಂದು ಸೊನ್ನೆ ಹಾಕಿದ. ಸೊನ್ನೆ ಬಿದ್ದೊಡನೆ ಆ ತುಟಿ ಬಿಡುಗಡೆಯಾಗಿ ಸಣ್ಣಗೆ ನಗುತ್ತಿತ್ತು. ಪ್ರೀತಿ ಮಾಡುವವನಿಗೆ ಅದಕ್ಕಿಂತ ದೊಡ್ಡ ಲಂಚ ಬೇಕೇ?

ಫಲಿತಾಂಶ ಅವಳು ಬಯಸಿದ್ದಕ್ಕಿಂತಲೂ ಚೆನ್ನಾಗಿ ಬಂತು. ಒಪ್ಪಿಗೆಗೆಂದು ಮೇಟ್ರನ್ ಮೇಡಂ ಸಮಿತಿ ಕರೆದರು. ಅವರು ಹೂಂ ಅಂದರೆ ಮರುದಿನದಿಂದಲೇ ಎಲ್ಲ ವಾರ್ಡುಗಳಲ್ಲೂ ಹೊಸ ಪದ್ಧತಿ.

ಸಮಿತಿ ಸೇರುವ ದಿನ ಬೆಳಿಗ್ಗೆ ಹೊರರೋಗಿಗಳ ಸಾಲಿನಲ್ಲಿ ಅವನಿಗೆ ನಿವೃತ್ತ ಮೇಷ್ಟ್ರು ಕಂಡರು. ಅಧ್ಯಯನದಲ್ಲಿದ್ದವರು, ಗುಣವಾಗಿ ಮನೆಗೆ ಹೋಗಿದ್ದವರು. ಅವರ ಮುಂಗೈ ಬಾತುಕೊಂಡು ನರ ಹಗ್ಗದ ಹಾಗೆ ಗಟ್ಟಿಯಾಗಿತ್ತು. ನೋವಿಗೆ ನಿದ್ದೆಯಿಲ್ಲ ಎಂದರು. ಆ ಕೈಗೆ ಸೊನ್ನೆ ಹಾಕಿ, ಸೂಜಿ ಹಾಗೇ ಉಳಿಯುವಂತೆ ಮಾಡಿದವನು ಅವನೇ. ಆವತ್ತೇ ಕೆಂಪು ಇತ್ತೇ ಎಂದು ತೊದಲುತ್ತ ಕೇಳಿದ.

“ಇತ್ತಪ್ಪ. ನೀನು ನನ್ನ ಕೈ ಎಲ್ಲಿ ನೋಡಿದೆ? ಜೀವಮಾನವೆಲ್ಲ ಪರೀಕ್ಷೆ ಹಾಲ್‌ನಲ್ಲಿ ನಿಂತವನು ನಾನು, ಕಾಪಿ ಹೊಡೆಯೋರ ಕತ್ತು ಹೇಗೆ ತಿರುಗುತ್ತೆ ಅಂತ ಗೊತ್ತು. ಆ ಹುಡುಗಿ ಮುಖ ನೋಡಿ ಬರ್ಕೊಂಡೆ,” ಎಂದರು ಮೇಷ್ಟ್ರು, ಬೈಯುವ ಧ್ವನಿಯೂ ಇಲ್ಲದೆ.

ಅವರನ್ನು ಡಾಕ್ಟರ ಹತ್ತಿರ ಕೂರಿಸಿ ಅವನು ಮೆಟ್ಟಿಲ ಬಳಿ ನಿಂತ. ಬಾಯಿ ಬಿಟ್ಟರೆ ಅವಳ ಶ್ರಮವೆಲ್ಲ ನೀರುಪಾಲು, ಅವಳು ಜನ್ಮದಲ್ಲಿ ಮತ್ತೆ ಅವನ ಮುಖ ನೋಡಲಾರಳು. ಬಾಯಿ ಮುಚ್ಚಿಕೊಂಡರೆ ನಾಳೆಯಿಂದ ಎಷ್ಟೋ ಕೈಗಳು ಹೀಗೆ ಬಾತುಕೊಳ್ಳಬಹುದು. ಬಾತುಕೊಳ್ಳದೆಯೂ ಇರಬಹುದು, ಹೊಸ ಪದ್ಧತಿ ನಿಜಕ್ಕೂ ಒಳ್ಳೆಯದೇ ಇರಬಹುದು. ಅದು ಯಾರಿಗೂ ಗೊತ್ತಾಗದ ಹಾಗೆ ಮಾಡಿದ್ದೇ ಅವನ ಸಾಧನೆ.

ಅವಳು ಹೊದಿಕೆಗಳ ಕೋಣೆಯಲ್ಲಿ ಸಮಿತಿಯ ಮುಂದೆ ಮಾಡಬೇಕಾದ ಭಾಷಣವನ್ನು ಒಬ್ಬಳೇ ಒಪ್ಪಿಸಿಕೊಳ್ಳುತ್ತಿದ್ದಳು. ಅವನನ್ನು ಕಂಡು ಮುಖ ಅರಳಿತು. ಅರಳಿದ ಆ ಮುಖಕ್ಕೇ ಅವನು ಎಲ್ಲ ಹೇಳಬೇಕಾಯಿತು. ಮೇಷ್ಟ್ರ ಕೈ, ಸೊನ್ನೆ, ಅವಳ ತುಟಿ, ಒಂದನ್ನೂ ಬಿಡಲಿಲ್ಲ.

ಅವಳು ಅಳಲಿಲ್ಲ, ಕೂಗಲಿಲ್ಲ. ಎಷ್ಟು ಜನರ ವಿಷಯದಲ್ಲಿ ಹೀಗಾಗಿದೆ ಎಂದು ಕೇಳಿದಳು. ಲೆಕ್ಕ ಇಟ್ಟಿಲ್ಲ ಎಂದ. ಮೇಷ್ಟ್ರನ್ನು ಯಾರು ನೋಡುತ್ತಿದ್ದಾರೆ ಎಂದು ಕೇಳಿದಳು. ಹೇಳಿದ. ಆಮೇಲೆ ಒಂದು ಹೊದಿಕೆಯನ್ನು ಮಡಿಸಿಟ್ಟಳು.

“ನೀವು ನನಗೆ ಇಷ್ಟ ಆಗೋ ಹಾಗೆ ನಡ್ಕೊಂಡ್ರಿ. ನನಗೆ ಬೇಕಾಗಿದ್ದು ಅದಲ್ಲ,” ಎಂದು ಅವನನ್ನು ದಾಟಿ ಹೊರಟುಹೋದಳು.

ಸಮಿತಿಯ ಕೋಣೆಯಲ್ಲಿ ಅವನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತ. ಅವಳು ಎದ್ದು ನಿಂತು, ತನ್ನ ಫಲಿತಾಂಶವನ್ನು ನಂಬಬೇಡಿ, ಅಂಕ ಹಾಕಿದವರಿಗೆ ಗುಂಪು ಗೊತ್ತಾಗಿಬಿಟ್ಟಿತ್ತು ಎಂದಳು. ಒಬ್ಬ ರೋಗಿಗೆ ತೊಂದರೆಯಾಗಿದೆ, ಅದಕ್ಕೆ ತಾನೇ ಹೊಣೆ ಎಂದೂ ಸೇರಿಸಿದಳು.

ಮೇಟ್ರನ್ ಮೇಡಂ ಕನ್ನಡಕ ತೆಗೆದರು. ಹೇಗೆ ಗೊತ್ತಾಯಿತು ಎಂದು ಕೇಳಿದರು. ತನ್ನ ಮುಖದಿಂದ ಎಂದಳು.

“ಕೈ ನೋಡೋಕೆ ಬಂದೋರು ನಿಮ್ಮ ಮುಖ ಯಾಕೆ ನೋಡ್ತಿದ್ರು?”

ಕೋಣೆಯಲ್ಲಿದ್ದ ಎಲ್ಲರ ಕತ್ತು ಬಾಗಿಲ ಕಡೆ ತಿರುಗಿತು. ತಪ್ಪೆಲ್ಲ ಅವಳ ತಲೆಗೆ ಕಟ್ಟಿ ಕುಳಿತಿರಲು ಅವನಿಂದಾಗಲಿಲ್ಲ. ಎದ್ದ.

“ಅವರ ಮೇಲೆ ನನಗೆ ಪ್ರೀತಿ ಇದೆ, ಮೇಡಂ. ಅವರ ಮುಖ ಬಿಟ್ಟು ಬೇರೇನೂ ಕಾಣಿಸ್ತಿರಲಿಲ್ಲ. ತಪ್ಪು ನನ್ನದು, ಅವರಿಗೆ ಗೊತ್ತೇ ಇರಲಿಲ್ಲ.”

ಯಾರೋ ಕೆಮ್ಮಿದರು. ಮೇಡಂ ಮಾತ್ರ ನಗಲಿಲ್ಲ. ಅವರ ಪ್ರಶ್ನೆ ಇನ್ನೂ ಮುಗಿದಿರಲಿಲ್ಲ. ಅವಳೇ ಬರೆದ ನಿಯಮದಲ್ಲಿ ಅಂಕ ಹಾಕುವ ಹೊತ್ತಿಗೆ ಸಂಶೋಧಕಿ ವಾರ್ಡಿನಲ್ಲೇ ಇರಬಾರದು ಎಂದಿದೆಯಲ್ಲ, ಹಾಗಿದ್ದರೆ ಅವಳು ಅಲ್ಲಿ ಏನು ಮಾಡುತ್ತಿದ್ದಳು ಎಂದು ನೇರವಾಗಿ ಕೇಳಿದರು.

ಅವನು ಬೆಚ್ಚಿಬಿದ್ದ. ಅಂಥ ನಿಯಮವಿದೆಯೆಂದೇ ಅವನಿಗೆ ತಿಳಿದಿರಲಿಲ್ಲ. ಎಲ್ಲರನ್ನೂ ಪುರಾವೆ ಕೇಳುವವಳ ಸರದಿ ಈಗ ಬಂದಿತ್ತು. ಅವಳ ಕಿವಿಯ ತುದಿಗೆ ಕೆಂಪು ಏರಿ ಕೆನ್ನೆಗಿಳಿಯಿತು.

“ಕೆಲಸ ಏನೂ ಇರಲಿಲ್ಲ, ಮೇಡಂ. ಒಂದು ದಿನಾನೂ ತಪ್ಪಿಸದೆ ಬರ್ತಿದ್ದೆ. ಅವರನ್ನ ನೋಡೋಕೆ.”

ಮೇಡಂ ಕನ್ನಡಕ ಹಾಕಿಕೊಂಡರು. ಎಲ್ಲ ಮೊದಲಿನಿಂದ ಆಗಬೇಕು, ಅಂಕ ಹಾಕಲು ಬೇರೆಯವರು ಬರಲಿ, ಆ ಹೊತ್ತಿನಲ್ಲಿ ಇವರಿಬ್ಬರೂ ವಾರ್ಡಿನ ಬಾಗಿಲು ದಾಟಕೂಡದು ಎಂದು ಅಪ್ಪಣೆಯಾಯಿತು. ಅದಕ್ಕೂ ಮೊದಲು ಇಬ್ಬರೂ ಹೋಗಿ ಮೇಷ್ಟ್ರ ಕ್ಷಮೆ ಕೇಳಬೇಕಿತ್ತು.

ಕಾರಿಡಾರಿನಲ್ಲಿ ಅವಳು ಬಿರಬಿರನೆ ಮುಂದೆ ನಡೆದಳು. ಅವನು ಹಿಂದೆಯೇ ಹೋದ. ತಿರುವಿನಲ್ಲಿ ಅವಳು ನಿಂತಳು. ಕಣ್ಣು ಒದ್ದೆಯಾಗಿತ್ತು, ಹುಬ್ಬು ಗಂಟಿಕ್ಕಿತ್ತು.

“ನನಗೆ ನಿಮ್ಮ ಮೇಲೆ ತುಂಬಾ ಕೋಪ ಇದೆ. ನನ್ನ ಮೇಲೂ ಇದೆ.”

“ಗೊತ್ತು. ಮುಖ ನೋಡಿದ್ರೆ...” ಎಂದವನು ನಾಲಿಗೆ ಕಚ್ಚಿಕೊಂಡ.

“ಮುಖ ನೋಡಿ ತಿಳ್ಕೊಳ್ಳೋದು ಇವತ್ತಿಗೆ ಸಾಕು. ಬೇಕಾಗಿದ್ದನ್ನ ಬಾಯಿಬಿಟ್ಟು ಕೇಳಿ.”

ತನ್ನನ್ನು ಮದುವೆಯಾಗುತ್ತೀರಾ ಎಂದು ಅವನು ಕೇಳಿದ. ಅವಳು ಹೂಂ ಅಂದಳು, ಇಬ್ಬರೂ ಮೇಷ್ಟ್ರ ಕಡೆ ನಡೆದರು.