ದಿಲ್ಲಿಯವರು ಬರುವ ದಿನ ಹೋದ ಮೋಟಾರು

ದಿಲ್ಲಿ ಸರಕಾರವೇ ಒಮ್ಮೆ ತನ್ನ ಆಟೊದ ಹಿಂದಿನ ಸೀಟಿನಲ್ಲಿ ಕೂತು, ಯಾದಗಿರಿ ಜಿಲ್ಲೆಗೆ ಏನು ಕೊಡಲಿ, ಏನು ಬಿಡಲಿ ಎಂದು ತನ್ನನ್ನು ಕೇಳಿತ್ತು ಎಂದು ಮುನಾವರ ಹೇಳುತ್ತಿದ್ದ. ಸರಕಾರ ಎಷ್ಟು ಭಾರವಿತ್ತೆಂದರೆ ಶಹಾಪುರದ ಏರಿನಲ್ಲಿ ಆಟೊದ ಮುಂದಿನ ಗಾಲಿ ಮೇಲೆದ್ದುಬಿಟ್ಟಿತಂತೆ. ಅಲ್ಲಿಂದ ಭೀಮರಾಯನಗುಡಿಯವರೆಗೆ ಹಿಂದಿನ ಎರಡೇ ಗಾಲಿಗಳ ಮೇಲೆ ಓಡಿಸಿದನಂತೆ. ಹೇಳಿದಾಗಲೆಲ್ಲ ಕತೆಗೆ ಹೊಸ ಬಾಲ ಮೂಡುತ್ತಿತ್ತು. ಇದನ್ನು ನಂಬುವವರು ಮೂರು ಲೋಕದಲ್ಲೂ ಇಲ್ಲ ಎಂಬ ಧೈರ್ಯದಿಂದಲೇ ಅವನು ಹೇಳುತ್ತಿದ್ದ.

ಅವನ ಮಾತನ್ನು ನಗದೆ ಕೇಳುತ್ತಿದ್ದವರು ಬಸವೇಶ್ವರಿ ಒಬ್ಬರೇ. ಊರೂರಿನ ಪಂಚಾಯಿತಿಗಳ ಲೆಕ್ಕ ತಪಾಸಣೆ ಮಾಡಿ ನಿವೃತ್ತರಾಗಿ, ಭೀಮರಾಯನಗುಡಿ ಕ್ಯಾಂಪಿನಲ್ಲಿ ನೆಲೆಸಿದ್ದರು. ಎಲ್ಲರಿಗೂ ಅವರು ಅಕ್ಕೋರು. ಸುತ್ತಲಿನ ಊರುಗಳಲ್ಲಿ ಏನು ಕಳುವಾದರೂ ಜನ ಮೊದಲು ಅವರ ಬಾಗಿಲಿಗೆ ಬರುತ್ತಿದ್ದರು, ಪೊಲೀಸರ ಬಾಗಿಲು ಆಮೇಲೆ. ಮುನಾವರನ ತಾಯಿ ಇಮಾಮಬೀಯ ಪಿಂಚಣಿ ಯಾವ ಮೇಜಿನ ಮೇಲೆ ನಿದ್ದೆ ಹೋಗಿದೆ ಎಂದು ಪತ್ತೆ ಮಾಡಿ ಎಬ್ಬಿಸಿದವರೂ ಅವರೇ. ಅಂದಿನಿಂದ ಅವನು ಅವರಿಂದ ಬಾಡಿಗೆ ಮುಟ್ಟಿದವನಲ್ಲ. ಅಕ್ಕೋರು ಹಿಮಾಲಯಕ್ಕೆ ಹೋಗೆಂದರೂ ಮೀಟರ್ ಹಾಕದೆ ಹೋಗುತ್ತೇನೆ ಎನ್ನುತ್ತಿದ್ದ. ಆಟೊದಲ್ಲಿ ಮೀಟರ್ ಇರಲಿಲ್ಲ ಎನ್ನುವುದು ಬೇರೆ ಮಾತು.

ಆ ಬೆಳಿಗ್ಗೆ ಬಂದವಳು ಬಿಳಿಗುಂಡದ ಪಂಚಾಯಿತಿ ಅಧ್ಯಕ್ಷೆ ಗೊಲ್ಲಾಳಮ್ಮ. ಬಿಳಿಗುಂಡ ಭೀಮಾ ಹೊಳೆಯ ದಂಡೆಯ ಊರು.

"ಅಕ್ಕೋರ, ನೀರಿನ ಮನಿ ಮೋಟಾರು ಕಳುವಾಗಿ ಹೋಗ್ಯಾದ್ರಿ," ಎಂದು ಹೊಸ್ತಿಲಲ್ಲೇ ಕುಸಿದು ಕೂತಳು. "ಇವತ್ತ ಮಧ್ಯಾಹ್ನ ದಿಲ್ಲಿಯವರು ಬರಾಕತ್ತಾರ."

ಬಿಳಿಗುಂಡದ ನೀರಿನ ಮನೆ ಎಂದರೆ ಕೇಂದ್ರದ ಅನುದಾನದಲ್ಲಿ ಕಟ್ಟಿದ ಶುದ್ಧ ನೀರಿನ ಘಟಕ. ಅದು ಓಡುವುದನ್ನು ತಪಾಸಣೆಯವರು ಕಣ್ಣಾರೆ ಕಂಡರೆ ಮುಂದಿನ ಕಂತು ಬರುತ್ತದೆ. ಆ ಕಂತಿನಲ್ಲಿ ಹೊಳೆದಂಡೆ ಓಣಿಗೆ ಪೈಪ್ ಹಾಕಬೇಕೆಂದು ಗ್ರಾಮಸಭೆಯಲ್ಲಿ ಠರಾವಾಗಿತ್ತು. ಹೊಳೆ ಪಕ್ಕದಲ್ಲೇ ಇದ್ದೂ ಆ ಓಣಿಯ ಹೆಂಗಸರು ಕುಡಿಯುವ ನೀರಿಗೆ ಊರಿನ ಇನ್ನೊಂದು ತುದಿಗೆ ಕೊಡ ಹೊತ್ತು ನಡೆಯುತ್ತಿದ್ದರು.

"ಮೋಟಾರು ಸಿಗಲಿಲ್ಲಂದ್ರ ಆ ಹೆಣ್ಮಕ್ಕಳ ತಲಿಮ್ಯಾಲಿನ ಕೊಡ ಇಳಿಯೂದಿಲ್ರಿ. ನಾ ಮಾತ ಕೊಟ್ಟೀನಿ," ಎಂದಳು ಗೊಲ್ಲಾಳಮ್ಮ.

ಅಕ್ಕೋರು, ಗೊಲ್ಲಾಳಮ್ಮ ಹತ್ತಿದೊಡನೆ ಮುನಾವರ ಆಟೊವನ್ನು ವಿಮಾನದಂತೆ ಹಾರಿಸಿದ, ಅಂದರೆ ಒಂದು ಎಮ್ಮೆ ಮಾತ್ರ ಅವನನ್ನು ದಾಟಿ ಮುಂದೆ ಹೋಯಿತು. ಬಿಳಿಗುಂಡ ಸಮೀಪಿಸಿದಾಗ ಹೊಳೆಯಲ್ಲಿ ಹರಿಗೋಲುಗಳು ತೇಲುತ್ತಿದ್ದವು. ಒಂದು ಮಾತ್ರ ದಂಡೆಯ ಮೇಲೆ ಬೋರಲು ಬಿದ್ದಿತ್ತು. ಅಕ್ಕೋರು ಅದನ್ನು ತಿರುಗಿ ನೋಡಿದರು.

ನೀರಿನ ಮನೆಯ ಬೀಗ ಒಡೆದಿರಲಿಲ್ಲ. ಒಂದು ಕೀಲಿ ಗೊಲ್ಲಾಳಮ್ಮನ ಸೊಂಟದಲ್ಲಿತ್ತು, ಇನ್ನೊಂದು ನೀರು ಬಿಡುವ ದ್ಯಾವಪ್ಪನ ಮನೆಯ ಗೂಟದಲ್ಲಿ. ದ್ಯಾವಪ್ಪ ಹೊಳೆದಂಡೆ ಓಣಿಯವನು. ತಪ್ಪು ಮಾಡಿದವನಿಗಿಂತ ಹೆಚ್ಚಾಗಿ ತಲೆ ತಗ್ಗಿಸಿ ನಿಂತಿದ್ದ. ಅವನ ಮುಂದೆ ಮಾಜಿ ಅಧ್ಯಕ್ಷ ವಿಶ್ವರಾಧ್ಯ ಕೈಕಟ್ಟಿ ನಿಂತಿದ್ದ. ಕಳೆದ ಚುನಾವಣೆಯಲ್ಲಿ ಗೊಲ್ಲಾಳಮ್ಮನ ಎದುರು ಸೋತ ನೋವು ಅವನ ಮೀಸೆಯಲ್ಲಿ ಇನ್ನೂ ಕಾಣುತ್ತಿತ್ತು.

"ಕೀಲಿ ಇವನ ಕಡಿ, ಮೋಟಾರು ಮಾಯ. ಪೊಲೀಸರಿಗಿ ಕೊಟ್ಟು ಕೈ ತೊಳ್ಕೋರಿ," ಎಂದ ವಿಶ್ವರಾಧ್ಯ.

"ನಿಮ್ಮ ಕೈ ಯಾವಾಗ ತೊಳದೀರಿ ಗೌಡ್ರ?" ಎಂದಳು ಗೊಲ್ಲಾಳಮ್ಮ.

ಘಟಕ ಕಟ್ಟಿದ ಗುತ್ತಿಗೆದಾರ ಶಾಂತಕುಮಾರನೂ ಅಲ್ಲಿದ್ದ. ನಿನ್ನೆ ಫಲಕಕ್ಕೆ ಬಣ್ಣ ಬಳಿಯಲು ಬಂದು ಒಳಗೆಲ್ಲ ಓಡಾಡಿದ್ದನಂತೆ. "ನಂಗ್ಯಾಕ್ರಿ ಮೋಟಾರು? ಅದು ತಿರುಗಿದ್ರ ತಾನ ನನ್ನ ಬಿಲ್ ಪಾಸಾಗೂದು," ಎಂದ.

"ಅಕ್ಕೋರ, ಇದು ಹೈದರಾಬಾದಿನ ಗ್ಯಾಂಗು," ಎಂದ ಮುನಾವರ. "ಹೆಲಿಕಾಪ್ಟರಿನ್ಯಾಗ ಬಂದು ಎತ್ಕೊಂಡು ಹೋಗ್ಯಾರ. ನಾ ದನಿ ಕೇಳೀನಿ."

"ಚಾವಣಿ ಹಂಗೇ ಅದಲ್ಲೋ," ಎಂದು ಅಕ್ಕೋರು ಒಳಗೆ ಬಗ್ಗಿದರು.

ಮೋಟಾರು ಕೂತಿದ್ದ ಜಾಗದಲ್ಲಿ ಬಿಚ್ಚಿದ ಬೋಲ್ಟುಗಳನ್ನು ಮತ್ತೆ ಅವುಗಳ ತೂತಿಗೇ ತಿರುಗಿಸಿ ಇಟ್ಟಿದ್ದರು. ತೆರೆದ ಪೈಪಿನ ಬಾಯಿಗೆ ಧೂಳು ಹೋಗದಂತೆ ಪ್ಲಾಸ್ಟಿಕ್ ಚೀಲ ಸುತ್ತಿ, ತೆಳ್ಳನೆಯ ನೀಲಿ ನೈಲಾನ್ ದಾರದಿಂದ ಕಟ್ಟಿದ್ದರು. ಅಕ್ಕೋರು ದಾರವನ್ನು ಬೆರಳಿಗೆ ತಗುಲಿಸಿ ನೋಡಿ ಹೊರಗೆ ಬಂದರು.

"ಗೊಲ್ಲಾಳಮ್ಮ, ಇವತ್ತ ನೀರಿನ ಪಾಳಿ ಎಲ್ಲಿ? ಖಾಲಿ ಕ್ಯಾನಿಲ್ಲ, ಬೈಗುಳಿಲ್ಲ. ನಮ್ಮ ಕ್ಯಾಂಪಿನ್ಯಾಗ ಒಂದು ತಾಸು ನೀರು ನಿಂತ್ರ ಸರಕಾರದ ವಂಶಾನ ಜಾಲಾಡ್ತಾರ."

ಎದುರು ಮನೆಯ ಮರಿಲಿಂಗಮ್ಮ ಉತ್ತರಿಸಿದಳು: "ನಿನ್ನಿ ಸಂಜಿಕೇ ತುಂಬಿ ಇಟ್ಟೀವಿ ಅಕ್ಕೋರ. ನಾಳಿ ಸಾಹೇಬ್ರು ಬರ್ತಾರ, ಗದ್ದಲ ಆಗ್ತದ, ಇವತ್ತೇ ತುಂಬ್ಕೋರಿ ಅಂತ ಯಾರೋ ಓಣಿ ಓಣಿ ಹೇಳ್ಕೋತ ಹೋದ್ರು. ನಾ ರೊಟ್ಟಿ ಬಡ್ಯಾಕತ್ತಿದ್ದೆ. ಹೆಣ್ಮಕ್ಕಳ ದನಿ ಅಷ್ಟ ಕೇಳ್ತು."

ಅಕ್ಕೋರು ಬೇವಿನ ಮರದ ಕೆಳಗೆ ಎಲ್ಲರನ್ನೂ ಕರೆಸಿದರು. ಹೊಳೆದಂಡೆ ಓಣಿಯ ಹೆಂಗಸರನ್ನು ವಿಶೇಷವಾಗಿ ಕರೆಯಲು ಹೇಳಿದರು. ಜನ ಕೂಡಿದಾಗ ಕಟ್ಟೆಯ ಮೇಲೆ ಕೂತು ಶುರುಮಾಡಿದರು.

"ಮಾರ್ಕೊಳ್ಳೋ ಕಳ್ಳ ಬೋಲ್ಟು ತಿರುಗಿ ಹಾಕೂದಿಲ್ಲ, ಪೈಪಿನ ಬಾಯಿಗಿ ಚೀಲ ಕಟ್ಟೂದಿಲ್ಲ. ಒಯ್ದವರಿಗಿ ಮೋಟಾರು ವಾಪಸ್ ಕೂಡಸೂ ಮನಸದ. ಊರು ನೀರಡಿಸಿ ಕೂಡಬಾರದಂತ ಮುಂಚೇನ ಎಲ್ಲರ ಮನಿ ತುಂಬಿಸ್ಯಾರ. ಊರಿನ ಮ್ಯಾಲ ಸಿಟ್ಟಿದ್ದವರು ಹಿಂಗ ಮಾಡೂದಿಲ್ಲ. ಅದಕ ವಿಶ್ವರಾಧ್ಯ ಅಲ್ಲ."

ವಿಶ್ವರಾಧ್ಯ ಮೀಸೆ ನೀವಿಕೊಂಡ. ಹೊಗಳಿದರೋ ಬೈದರೋ ಅವನಿಗೆ ತಿಳಿಯಲಿಲ್ಲ.

"ಶಾಂತಕುಮಾರಗ ಇದರಿಂದ ಲುಕ್ಸಾನು. ದ್ಯಾವಪ್ಪ ಒಯ್ಯಬೇಕಂದಿದ್ರ ಬೀಗ ಒಡ್ದು ಒಯ್ತಿದ್ದ. ತನ್ನ ಕೀಲಿ ಹಚ್ಚಿ ತೆಗೆದು ತಾನ ಸಿಗಬೀಳೂವಷ್ಟು ದಡ್ಡ ಅಲ್ಲ. ಆದ್ರ ಅವನ ಮನಿ ಗೂಟಕ್ಕ ಇನ್ನೊಬ್ಬರ ಕೈ ಮುಟ್ತದ. ಈ ನೀಲಿ ದಾರ ಬಲೆ ಹೆಣೆಯೂದು. ಊರಾಗ ಬಲೆ ಹೆಣೆಯೋದು ಒಂದ ಓಣಿ. ಎಲ್ಲಾ ಹರಿಗೋಲು ಹೊಳ್ಯಾಗ ಮೀನು ಹಿಡ್ಯಾಕತ್ತಾವ, ಒಂದು ಮಾತ್ರ ದಂಡ್ಯಾಗ ಬೋರಲು ಬಿದ್ದದ. ಅದರ ಕೆಳಗ ನೋಡಿದ್ರ ಮೋಟಾರು ಸಿಗ್ತದ. ಶೇಖಮ್ಮ, ಖರೆ ಏನವ್ವಾ?"

ದ್ಯಾವಪ್ಪನ ಹೆಂಡತಿ ಶೇಖಮ್ಮ ಸೆರಗು ಬಿಗಿದುಕೊಂಡು ಎದ್ದಳು.

"ಖರೆ ಅದರಿ. ನಾವು ಹೆಣ್ಮಕ್ಕಳು ಕೂಡಿ ಮಾಡೀವಿ. ನಮ್ಮ ಮನಿಯವರಿಗಿ ಗೊತ್ತಿಲ್ಲ. ನಾಳಿ ನಾವ ತಂದು ಕೂಡಸ್ತಿದ್ವಿ."

ದ್ಯಾವಪ್ಪ ಮೊದಲ ಸಲ ತಲೆ ಎತ್ತಿದ. ಗೊಲ್ಲಾಳಮ್ಮ ಶೇಖಮ್ಮನ ಎದುರಿಗೆ ಬಂದು ನಿಂತಳು. "ನಿಮ್ಮ ಓಣಿ ಪೈಪಿಗೆ ಅಲ್ಲೇನ ನಾ ಬಡ್ಕೊಳ್ಳೂದು? ನಿಮ್ಮ ಕೈಯಾರೆ ಯಾಕ ಕೆಡಿಸ್ಕೊಂಡ್ರಿ?"

"ಕೆಡಿಸ್ಕೊಳ್ಳಾಕಲ್ರಿ, ಉಳಿಸ್ಕೊಳ್ಳಾಕ. ಇದು ಓಡೂದು ನೋಡಿದ್ರ ಈ ಊರಿಗಿ ನೀರು ಮುಟ್ಯಾದ ಅಂತ ದಿಲ್ಲಿಯವರು ಬರ್ಕೊಂಡು ಹೋಗ್ತಾರಂತ. ಆಮ್ಯಾಗ ನಮ್ಮ ಓಣಿ ಕಡಿ ಯಾರೂ ತಿರುಗಿ ನೋಡೂದಿಲ್ಲಂತ."

"ಯಾರು ಹೇಳಿದ್ರು?"

ಮುನಾವರನಿಗೆ ಆಟೊದ ಗಾಲಿಯ ಗಾಳಿ ಪರೀಕ್ಷಿಸುವ ತುರ್ತು ಕೆಲಸ ನೆನಪಾಯಿತು. ಎರಡು ಹೆಜ್ಜೆ ಇಟ್ಟಿದ್ದ.

"ಆ ಭಾಯ್," ಎಂದಳು ಶೇಖಮ್ಮ. "ದಿಲ್ಲಿ ಸರಕಾರ ಇವರ ಆಟೊದಾಗ ಕೂತು ಹೇಳ್ಯಾದಂತ."

ಅಕ್ಕೋರು ಮುನಾವರನನ್ನು ನೋಡಿದರು, ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಯಾರೂ ಕೂತಿಲ್ರಿ," ಎಂದ ಮುನಾವರ. "ಶೇಖಮ್ಮಬಾಯಿ ಆಟೊದಾಗ ಮೀನಿನ ಬುಟ್ಟಿ ಇಟ್ಕೊಂಡು, ಪೈಪ್ ಯಾವಾಗ ಬರ್ತದ ಅಂತ ಕೇಳಿದ್ರು. ಗೊತ್ತಿಲ್ಲ ಅನ್ನಾಕ ನನಗ ನಾಚಿಕಿ ಆತು. ಬಾಯಿಗಿ ಬಂದದ್ದು ಹೇಳಿದೆ. ನಂಬ್ತಾರಂತ ಅನಕೊಂಡಿದ್ದಿಲ್ಲ."

ಅಕ್ಕೋರು ಹೆಂಗಸರ ಕಡೆ ತಿರುಗಿದರು. "ನೋಡ್ರವ್ವಾ, ದಿಲ್ಲಿ ರೊಕ್ಕ ಕೊಡ್ತದ, ಬೆಂಗಳೂರು ದಾಟಸ್ತದ, ಪಂಚಾಯ್ತಿ ಖರ್ಚು ಮಾಡ್ತದ. ನೀರಿಗಂತ ಕೊಟ್ಟ ಪಾಲು ನೀರಿಗೇ ಹೋಗ್ಯಾದ ಅಂತ ಕಣ್ಣಿಲೆ ಕಂಡ್ರ ಮುಂದಿನ ಪಾಲು ಬಿಡ್ತಾರ. ಆದ್ರ ನಿಮ್ಮ ಭಯಾನೂ ಸುಳ್ಳಲ್ಲ. ಊರಿನ ಹೆಬ್ಬಾಗಿಲು ನೋಡಿದವರಿಗಿ ಹಿಂದಿನ ಓಣಿ ಕಾಣೂದಿಲ್ಲ."

"ಕಾಣಿಸ್ತೀನಿ," ಎಂದು ಗೊಲ್ಲಾಳಮ್ಮ ಎದ್ದಳು. ಪೊಲೀಸರ ಮಾತು ಮತ್ತೆ ಯಾರೂ ಎತ್ತಲಿಲ್ಲ. ಹರಿಗೋಲಿನ ಕೆಳಗಿಂದ ತೆಗೆದ ಮೋಟಾರಿನ ಒಂದು ಬದಿಗೆ ಶಾಂತಕುಮಾರ ಹೆಗಲು ಕೊಟ್ಟ, ಇನ್ನೊಂದು ಬದಿಗೆ, ಯಾರೂ ಕರೆಯದೆ, ವಿಶ್ವರಾಧ್ಯ. ದ್ಯಾವಪ್ಪ ಬೋಲ್ಟು ಬಿಗಿದ. ನೀರು ಬಂದಾಗ ಗೊಲ್ಲಾಳಮ್ಮ ಅಕ್ಕೋರ ಪಾದ ಮುಟ್ಟಲು ಬಗ್ಗಿದಳು. ಅವರು ತಡೆದು, "ಶೇಖಮ್ಮನ ಕೈ ಹಿಡಿ. ಇಡೀ ಊರಿಗಿ ನೀರು ತುಂಬಿಸಿಟ್ಟು ಕಳುವು ಮಾಡಿದವಳು ಎಲ್ಲಿ ಸಿಗ್ತಾಳ?" ಎಂದರು.

ಮಧ್ಯಾಹ್ನ ದಿಲ್ಲಿಯವರ ದೊಡ್ಡ ಗಾಡಿ ಹೊಳೆದಂಡೆ ಓಣಿಯ ಬಾಯಲ್ಲೇ ಸಿಕ್ಕಿಕೊಂಡಿತು. ಓಣಿ ಅಷ್ಟು ಇಕ್ಕಟ್ಟು. ಗೊಲ್ಲಾಳಮ್ಮ ಹಿರಿಯ ಅಧಿಕಾರಿಯನ್ನು ಮುನಾವರನ ಆಟೊದಲ್ಲಿ ಕೂರಿಸಿದಳು. ಕೊನೆಯ ಮನೆಯವರೆಗೂ ಹೋಗಿ, ಆತ ಬಾಗಿಲ ಮುಂದಿನ ಕೊಡಗಳ ಸಾಲು ನೋಡಿ, ಓಣಿಯ ಹೆಸರು ಬರೆದುಕೊಂಡು ಬಂದ.

ಗಾಡಿ ಹೋದ ಮೇಲೆ ಊರೇ ಮುನಾವರನನ್ನು ಸುತ್ತುವರಿಯಿತು. ಶೇಖಮ್ಮ ಒಂದು ಚೊಂಬು ತಂಪು ನೀರು ಕೊಟ್ಟಳು. "ಈ ಸಲ ಖರೇನ ಕೂತಿದ್ರಲ್ಲ ಭಾಯ್. ಏನು ಹೇಳಿದ್ರು?"

ಮುನಾವರ ನೀರು ಕುಡಿದ. ಎದೆ ಉಬ್ಬಿತು. ನಾಲಿಗೆಯ ತುದಿಯಲ್ಲಿ ಪ್ರಧಾನಿಯ ಫೋನು, ಎರಡು ಗಾಲಿಯ ಓಟ ಎಲ್ಲ ಬಂದು ನಿಂತವು. ಬೇವಿನ ಕಟ್ಟೆಯಿಂದ ಅಕ್ಕೋರು ನೋಡುತ್ತಿದ್ದರು.

"ಇಲ್ಲಿಗಿ ಪೈಪ್ ಯಾವಾಗ ಬರ್ತದಪ್ಪ ಅಂತ ನನ್ನನ್ನ ಕೇಳಿದ್ರು," ಎಂದ.

"ನೀವೇನಂದ್ರಿ?"

ಮುನಾವರ ಚೊಂಬನ್ನು ಎರಡೂ ಕೈಯಿಂದ ಅವಳಿಗೆ ಹಿಂತಿರುಗಿಸಿದ.

"ಗೊತ್ತಿಲ್ರಿ ಸಾಹೇಬ್ರ, ನೀವ ಹೇಳಬೇಕು ಅಂದೆ."