ಡ್ರೈವರನ ಹೆಸರಿನ ನಿದ್ದೆ

ತಂಗಿಯನ್ನು ಕೊಂದವನ ಹೆಸರು ಒಂದು ಮಧ್ಯಾಹ್ನ ಅಕ್ಕನ ಮೊಬೈಲಿಗೇ ಕೆಲಸವಾಗಿ ಬಂದು ಬಿತ್ತು. ಇಂಥವರು, ಇಂಥ ವಿಳಾಸ, ಸಿಟಿ ಬಸ್ ಡ್ರೈವರ್, ಮನೆಯಲ್ಲೇ ಒಂದು ರಾತ್ರಿಯ ನಿದ್ದೆ ತಪಾಸಣೆ, ಸಂಜೆ ಹೋಗಿ ಪಟ್ಟಿ ಕಟ್ಟಿ ಬರುವುದು. ಅವಳು ಓದಿದಳು. ಮತ್ತೆ ಓದಿದಳು. ಆಮೇಲೆ ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟು ಹೋಗಿ ಮುಖ ತೊಳೆದುಕೊಂಡಳು.

ಕೊಂದವನು ಅನ್ನುವುದು ಅವಳ ಮಾತು. ಕೋರ್ಟು ಹಾಗೆ ಅಂದಿರಲಿಲ್ಲ. ಸ್ಟಾಪಿನಲ್ಲಿ ನಿಂತಿದ್ದವಳ ಮೇಲೆ ಬಸ್ಸು ನುಗ್ಗಿದ್ದು ನಿಜ, ಆದರೆ ಡ್ರೈವರ್ ತೂಕಡಿಸುತ್ತಿದ್ದ ಅನ್ನುವುದಕ್ಕೆ ಸಾಕ್ಷಿಯಿಲ್ಲ ಎಂದು ಬಿಟ್ಟುಬಿಟ್ಟರು. ಸಾಕ್ಷಿಯಂತೆ ಸಾಕ್ಷಿ! ರಸ್ತೆಯ ಮೇಲೆ ಬ್ರೇಕು ಒತ್ತಿದ ಒಂದು ಗೆರೆಯೂ ಇರಲಿಲ್ಲ. ಎಚ್ಚರವಿದ್ದವನು ಎದುರಿಗೆ ಮನುಷ್ಯರು ಕಂಡರೆ ಸುಮ್ಮನೆ ಕೂತಿರುತ್ತಾನೆಯೇ? ಈ ಪ್ರಶ್ನೆಯನ್ನು ಅವಳು ಎಷ್ಟು ಸಲ ಗೋಡೆಗೆ ಕೇಳಿದ್ದಳೋ. ಕೋರ್ಟಿಗೆ ಮಾತ್ರ ಒಮ್ಮೆಯೂ ಹೋಗಿರಲಿಲ್ಲ. ಅವನ ಮುಖ ನೋಡುವ ಶಕ್ತಿ ಇರಲಿಲ್ಲ. ಹಾಗಾಗಿ ಅವನಿಗೆ ಇವಳ ಪರಿಚಯವಿಲ್ಲ. ಅವಳು ಕೆಲಸ ಮಾಡುವ ನಿದ್ದೆ ತಪಾಸಣಾ ಕೇಂದ್ರದಲ್ಲೂ ತಂಗಿ ಆಕ್ಸಿಡೆಂಟಿನಲ್ಲಿ ಹೋದಳು ಅಂದಿದ್ದಳು, ಅಷ್ಟೆ. ಉಳಿದದ್ದನ್ನು ಕೆದಕಿ ಕೇಳುವಷ್ಟು ಹತ್ತಿರದವರು ಅಲ್ಲಿ ಯಾರೂ ಇರಲಿಲ್ಲ.

ಈಗ ಅವನು ಮತ್ತೆ ಸ್ಟೇರಿಂಗ್ ಹಿಡಿಯಲು ಹೊರಟಿದ್ದ. ನಿದ್ದೆ ಚೆನ್ನಾಗಿದೆ ಎಂದು ಕೇಂದ್ರ ಬರೆದುಕೊಟ್ಟರೆ ಡಿಪೋದವರು ಡ್ಯೂಟಿಗೆ ಕರೆಯುತ್ತಾರೆ. ಕೆಟ್ಟಿದೆ ಎಂದು ಬರೆದರೆ ಅವನು ಜನ್ಮದಲ್ಲಿ ಬಸ್ಸು ಹತ್ತುವ ಹಾಗಿಲ್ಲ, ಹತ್ತಿದರೂ ಟಿಕೆಟ್ಟು ತಗೊಂಡು ಹಿಂದಿನ ಸೀಟಿನಲ್ಲಿ ಕೂರಬೇಕು.

ಅಕ್ಕತಂಗಿ ಇಬ್ಬರೇ ಇದ್ದ ಮನೆ ಅದು. ಮಲಗುವುದಕ್ಕೆ ಒಂದೇ ಕೋಣೆ, ಎರಡು ಮಂಚ, ನಡುವೆ ಕೈ ಚಾಚಿದರೆ ಸಿಗುವಷ್ಟು ಜಾಗ. ಹೊಲಿಗೆ ಅಂಗಡಿಯಲ್ಲಿ ಇಡೀ ದಿನ ಕಾಜಾ ಹಾಕಿ, ಗುಂಡಿ ಹೊಲಿದು ಬರುತ್ತಿದ್ದ ತಂಗಿ ದಿಂಬಿಗೆ ತಲೆ ಕೊಟ್ಟ ಕೂಡಲೇ ಗೊರಕೆ ಶುರುಮಾಡುತ್ತಿದ್ದಳು. "ಲೇ, ಸ್ವಲ್ಪ ನಿಲ್ಲಿಸೇ ಮಾರಾಯ್ತಿ" ಎಂದು ಇವಳು ತಿವಿದರೆ, "ನಾನೆಲ್ಲಿ ಹೊಡೆದೆ? ನೀನೇ ಹೊಡೆದು ನೀನೇ ಎದ್ದಿದೀಯ" ಎಂದು ಮಗ್ಗುಲು ಬದಲಿಸುತ್ತಿದ್ದಳು. ಆ ಗೊರಕೆ ನಿಂತ ಮೇಲೆ ಇವಳ ನಿದ್ದೆಯೂ ಹೋಯಿತು. ಊರಿಗೆಲ್ಲ ನಿದ್ದೆ ಅಳೆಯುವವಳು, ಪೇಷಂಟುಗಳ ಬಾಯಲ್ಲಿ 'ನಿದ್ದೆ ಮೇಡಂ', ತನ್ನ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಫ್ಯಾನು ನೋಡುತ್ತಿದ್ದಳು. ಪಕ್ಕದ ಮಂಚದ ಹಾಸಿಗೆಯನ್ನು ಸುತ್ತಿಡಲು ಮನಸ್ಸು ಬರದೆ ಹಾಗೇ ಬಿಟ್ಟಿದ್ದಳು. ಮನೆಗೆ ಬಂದರೆ ಮಾತಾಡಲು ಒಂದು ನರಪಿಳ್ಳೆಯಿಲ್ಲ. ಒಬ್ಬಳಿಗೇ ಅಡುಗೆ ಮಾಡಿಕೊಳ್ಳುವುದಕ್ಕಿಂತ ದೊಡ್ಡ ಶಿಕ್ಷೆ ಬೇರೆಯಿಲ್ಲ ಅನ್ನಿಸುತ್ತಿತ್ತು.

ಆದರೆ ಆ ಹಾಳು ಎಚ್ಚರವೇ ಈಗ ಕೈಗೆ ಆಯುಧವಾಗಿ ಬಂತು.

ಉಪಾಯ ಹೊಳೆದದ್ದು ಮುಖ ಒರೆಸಿಕೊಳ್ಳುವಾಗ. ತಪಾಸಣೆಯ ಸೆಟ್ಟು ಅಂದರೆ ಮಣಿಕಟ್ಟಿಗೊಂದು ಪಟ್ಟಿ, ಬೆರಳಿಗೊಂದು ಕ್ಲಿಪ್ಪು, ಎದೆಗೊಂದು ಬೆಲ್ಟು. ಪೇಷಂಟಿನ ಹೆಸರಿಗೆ ಸೇರಿಸಿ ಕಟ್ಟಿಬಿಟ್ಟರೆ ಆಯಿತು. ನಾಡಿ, ಉಸಿರು, ಹೊರಳಾಟ ಎಲ್ಲವನ್ನೂ ಅದೇ ಬರೆದುಕೊಂಡು ಬೆಳಕು ಹರಿದಾಗ ತಾನಾಗಿಯೇ ಕೇಂದ್ರಕ್ಕೆ ಕಳಿಸುತ್ತದೆ. ನಡುವೆ ಯಾರೂ ಒಂದು ಅಂಕಿ ತಿದ್ದುವಂತಿಲ್ಲ. ಅದಕ್ಕೇ ಎಲ್ಲರಿಗೂ ಅದರ ಮೇಲೆ ಅಷ್ಟು ನಂಬಿಕೆ. ಅವಳಿಗೂ ತಿದ್ದುವುದು ಬೇಕಿರಲಿಲ್ಲ. ಯಂತ್ರಕ್ಕೆ ಮೈ ಗೊತ್ತು, ಮುಖ ಗೊತ್ತಿಲ್ಲ. ಯಾರ ಕೈ ಅಂತ ಅದು ಕೇಳುವುದಿಲ್ಲ. ಹೊಸಬರಿಗೆ ಕಲಿಸಲೆಂದು ಕಪಾಟಿನಲ್ಲಿ ಇಟ್ಟಿದ್ದ ಇನ್ನೊಂದು ಸೆಟ್ಟಿತ್ತು. ಅದರಲ್ಲೂ ಹಸಿರು ದೀಪ ಮಿನುಗುತ್ತದೆ, ಆದರೆ ಅದು ಬರೆದದ್ದು ಎಲ್ಲಿಗೂ ಹೋಗುವುದಿಲ್ಲ. ಅದನ್ನು ಡ್ರೈವರನಿಗೆ ಕಟ್ಟುವುದು, ಅವನ ಹೆಸರಿನ ಸೆಟ್ಟನ್ನು ತಾನು ಕಟ್ಟಿಕೊಂಡು ಮಲಗುವುದು. ಇಷ್ಟೆ. ಅವಳ ಎಚ್ಚರ ಅವನ ಹಣೆಗೆ ಅಂಟುತ್ತದೆ.

ತನ್ನ ನಿದ್ದೆ ಎಷ್ಟು ಕೆಟ್ಟಿದೆ ಅನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಹಿಂದೊಮ್ಮೆ ಕುತೂಹಲಕ್ಕೆ, ಸೆಟ್ಟು ಪರೀಕ್ಷೆ ಮಾಡುವ ನೆಪದಲ್ಲಿ ತಾನೇ ಕಟ್ಟಿಕೊಂಡು ಮಲಗಿದ್ದಳು. ಮಾರನೆ ದಿನ ಕೇಂದ್ರದ ಡಾಕ್ಟರಮ್ಮ ಗೆರೆಗಳನ್ನು ನೋಡಿ ಕನ್ನಡಕ ಮೇಲೇರಿಸಿ, "ಯಾರದ್ರೀ ಇದು? ಈ ಪುಣ್ಯಾತ್ಮರನ್ನ ಸೈಕಲ್ ಮೇಲೂ ಹತ್ತಿಸ್ಬೇಡಿ" ಅಂದಿದ್ದರು. ಅವಳು ನಕ್ಕು ಮಾತು ಹಾರಿಸಿದ್ದಳು. ಸೈಕಲ್ಲೇ ಬೇಡವೆಂದವರು ಬಸ್ಸು ಕೊಡುತ್ತಾರೆಯೇ?

ಸಂಜೆ ಅವನ ಮನೆಯ ಮೆಟ್ಟಿಲು ಹತ್ತಿದಳು. ಇಸ್ತ್ರಿ ಮಾಡಿದ ಯೂನಿಫಾರ್ಮು ಆಗಲೇ ಬಾಗಿಲ ಹಿಂದೆ ತೂಗುತ್ತಿತ್ತು. ಎಷ್ಟು ಅವಸರ ನೋಡು ಇವನಿಗೆ! ಡ್ರೈವರ್ ಕುರ್ಚಿಯ ತುದಿಯಲ್ಲಿ ಕೂತು, ಸೂಜಿ ಚುಚ್ಚಿಸಿಕೊಳ್ಳುವವನ ಹಾಗೆ ಕೈ ಮುಂದೆ ಚಾಚಿದ. ಮಾತೆಲ್ಲ ಅವನ ಹೆಂಡತಿಯದು.

"ಇವರಿಗೇನು ನಿದ್ದೆಗೆ ಬರ ಬಂದಿದೆಯಾ ಮೇಡಂ? ದಿಂಬು ಸಿಕ್ರೆ ಸಾಕು, ಕುಂಭಕರ್ಣ. ನಾನೂ ಮಕ್ಕಳೂ ಒಳಗಡೆ ಮಲಗ್ತೀವಿ, ಇವರು ಹಾಲಲ್ಲಿ. ಒಂದು ಸದ್ದಿಲ್ಲ, ಒಂದು ಸುದ್ದಿಯಿಲ್ಲ. ಬೇಗ ಬರ್ಕೊಟ್ಬಿಡಿ, ಡ್ಯೂಟಿಗೆ ಹೋಗ್ಲಿ."

ಅವಳು ಪದ್ಧತಿಯಂತೆ ಕೇಳಿದಳು. "ಹಗಲು ಹೊತ್ತು ತೂಕಡಿಕೆ ಬರತ್ತಾ?"

ಡ್ರೈವರ್ ಹೆಂಡತಿಯ ಕಡೆ ನೋಡಿ, "ಇಲ್ಲ ಮೇಡಂ" ಅಂದ.

ಸುಳ್ಳ, ಎಂದುಕೊಂಡು ಅವಳು ಪಟ್ಟಿ ಬಿಗಿದಳು. ಅವನ ಕೈ ತಣ್ಣಗಿತ್ತು. ತಂಗಿ ಎದುರಿಗೆ ನಿಂತಾಗ ಸ್ಟೇರಿಂಗ್ ಮೇಲಿದ್ದ ಕೈ ಇದೇ. ಅದನ್ನು ಹಿಡಿದುಕೊಂಡು, ಕ್ಲಿಪ್ಪು ಎಲ್ಲೂ ಒತ್ತದಂತೆ ಮೆತ್ತಗೆ ಸಿಕ್ಕಿಸಿ, ಹಸಿರು ದೀಪ ತೋರಿಸಿ, "ಬಿಚ್ಚಬೇಡಿ. ಬೆಳಿಗ್ಗೆ ಬೇಗ ಬಂದು ನಾನೇ ತೆಗೀತೀನಿ" ಎಂದಳು. ಬಾಗಿಲವರೆಗೂ ಬಂದ ಡ್ರೈವರ್ ಏನೋ ಹೇಳಲು ಬಾಯಿ ತೆರೆದ. ಒಳಗಿನಿಂದ ಹೆಂಡತಿ ಕರೆದಳು. ಅವನು ಒಳಗೆ ಹೋದ.

ಮನೆಗೆ ಬಂದವಳು ಅಪರೂಪಕ್ಕೆ ಒಲೆ ಹಚ್ಚಿ ಬಿಸಿ ಅಡುಗೆ ಮಾಡಿ, ತಟ್ಟೆ ಹಾಕಿಕೊಂಡು ಕೂತು ಊಟ ಮಾಡಿದಳು. ಅವನ ಹೆಸರಿನ ಪಟ್ಟಿಯನ್ನು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡಳು. ಕ್ಲಿಪ್ಪು, ಬೆಲ್ಟು ಎಲ್ಲ ಸರಿಯಾಗಿ ಕೂತಿವೆಯೇ ಎಂದು ಬೇರೆಯವರಿಗೆ ನೋಡುವ ಹಾಗೇ ನೋಡಿಕೊಂಡಳು. ಎಲ್ಲಾದರೂ ಸಿಕ್ಕಿಬೀಳುವ ದಾರಿ ಇದೆಯೇ ಎಂದು ಇನ್ನೊಮ್ಮೆ ತಡಕಿದಳು. ಪಟ್ಟಿ ಎಲ್ಲಿತ್ತು ಎಂದು ಯಂತ್ರ ಬರೆದುಕೊಳ್ಳುವುದಿಲ್ಲ. ಡ್ರೈವರನಿಗೆ ಪಟ್ಟಿ ಕಟ್ಟಿದ್ದಾಯಿತು ಎಂದು ಅವಳು ಮೊಬೈಲಿನಲ್ಲಿ ಆಗಲೇ ಒಪ್ಪಿಗೆ ಒತ್ತಿ ಆಗಿತ್ತು, ಅದರ ಮೇಲೆ ಪ್ರಶ್ನೆ ಕೇಳುವವರಿಲ್ಲ. ಹೊರಳಾಡುವ ನಾಟಕವೂ ಬೇಡ, ಉಸಿರು ಹಿಡಿಯುವ ಕಸರತ್ತೂ ಬೇಡ. ನಾಟಕ ಮಾಡಿದರೆ ತಾನೇ ಸಿಕ್ಕಿಬೀಳುವುದು? ಎಂದಿನ ಹಾಗೆ ಎಚ್ಚರವಾಗಿರಬೇಕು, ಅಷ್ಟೆ.

ದೀಪ ಆರಿಸಿ ಮಲಗಿದಳು. ಪಕ್ಕದ ಮಂಚದ ಕಡೆ ತಿರುಗಿ, "ನೋಡೇ, ಇನ್ನು ಅವನು ಗಾಡಿ ಮುಟ್ಟಲ್ಲ. ನಾನಿದೀನಲ್ಲ" ಎಂದಳು. ಹೇಳಿದ್ದೇ ತಡ, ಕಣ್ಣಲ್ಲಿ ನೀರು ಬಂತು. ಅಷ್ಟು ದಿನ ಬಾರದೆ ಎದೆಯಲ್ಲೇ ಕಟ್ಟಿಕೊಂಡಿದ್ದ ಅಳು. ತಡೆಯಲಿಲ್ಲ, ಮನಸಾರೆ ಅತ್ತಳು. ಅತ್ತು ಮೂಗು ಒರೆಸಿಕೊಂಡು, ಮೈ ಹಗುರಾಗಿ, ಫ್ಯಾನು ನೋಡುತ್ತಾ ಬಿದ್ದುಕೊಂಡಳು.

ದಿಂಬಿನ ಪಕ್ಕದಲ್ಲಿ ಫೋನು ಒಂದೇ ಸಮನೆ ಹೊಡೆದುಕೊಂಡಿತು. ಡ್ರೈವರ್.

"ಮೇಡಂ, ಹೆಂಡತಿ ಅಂಗಡಿಗೆ ಹೋಗಿದಾಳೆ, ಅದಕ್ಕೇ ಈಗ ಮಾಡಿದೆ. ನಿನ್ನೆ ಬಾಗಿಲ ಹತ್ರ ಹೇಳಕ್ಕಾಗ್ಲಿಲ್ಲ. ರಾತ್ರಿ ಕಣ್ಣು ಮುಚ್ಚಿಲ್ಲ ನಾನು. ನಿನ್ನೆ ಅಂತಲ್ಲ, ಆ ಹೆಣ್ಣುಮಗಳು ಹೋದಾಗಿನಿಂದಲೂ ಹಿಂಗೇ. ಹಾಲಲ್ಲಿ ಸುಮ್ನೆ ಕೂತಿರ್ತೀನಿ. ಹಗಲು ಹೊತ್ತು ಎಲ್ಲಂದ್ರಲ್ಲಿ ಕಣ್ಣು ಎಳೆಯತ್ತೆ. ಗಾಡಿ ಬೇಡ ಅಂತ ನಾನಾಗೇ ಹೇಳಿದ್ರೆ ಮನೇಲಿ ಬದುಕಕ್ಕೆ ಬಿಡಲ್ಲ. ಅದಕ್ಕೇ ಮಷೀನೇ ಹೇಳ್ಬಿಡ್ಲಿ ಅಂತ ಸುಮ್ನಿದ್ದೆ. ಹೇಳತ್ತಲ್ಲ ಮೇಡಂ? ಅದು ಚೆನ್ನಾಗಿದೆ ಅಂದ್ಬಿಟ್ರೆ ನಾನು ಗಾಡಿ ಹತ್ಲೇಬೇಕಾಗತ್ತೆ."

"ಹೇಳತ್ತೆ" ಎಂದಳು ಅವಳು. "ಹೇಳತ್ತೆ ಬಿಡಿ."

"ದೊಡ್ಡ ಉಪಕಾರ ಆಯ್ತು. ಬೆಳಿಗ್ಗೆ ಬೇಗ ಬರ್ತೀನಿ ಅಂದಿದ್ರಲ್ಲ, ಕಾದು ಕಾದು ಸಾಕಾಯ್ತು. ಪಟ್ಟಿ ಇನ್ನೂ ಕೈಯಲ್ಲೇ ಇದೆ."

ಆಗಲೇ ಅವಳಿಗೆ ಕೋಣೆಯ ತುಂಬ ಬಿಸಿಲಿರುವುದು ಕಂಡದ್ದು. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಹಾರ್ನು ಹೊಡೆಯುತ್ತಿದ್ದವು, ಎದುರು ಮನೆಯವರು ಒಗೆದ ಬಟ್ಟೆ ಹರವುತ್ತಿದ್ದರು. ಅವಳು ನೆನಪು ಮಾಡಿಕೊಳ್ಳಲು ನೋಡಿದಳು: ಅತ್ತದ್ದು, ಮೂಗು ಒರೆಸಿಕೊಂಡದ್ದು, ಫ್ಯಾನು, ಆಮೇಲೆ ಈ ಫೋನು. ನಡುವೆ ಏನೂ ಇರಲಿಲ್ಲ. ಫೋನನ್ನು ಕಿವಿಯಿಂದ ತೆಗೆದು ನೋಡಿದರೆ ಪರದೆಯ ಮೇಲೆ ಡಾಕ್ಟರಮ್ಮನ ಸಂದೇಶ ಬಂದು ಕೂತಿತ್ತು: 'ನಿಮ್ಮ ಡ್ರೈವರ್ ರಿಪೋರ್ಟ್ ನೋಡಿದೆ, ಎಳೆಮಗುವಿನ ನಿದ್ದೆ ಕಣ್ರೀ. ಡಿಪೋದವರು ಅವಸರ ಮಾಡ್ತಿದ್ರು, ಸೈನ್ ಹಾಕಿ ಕಳಿಸಿಬಿಟ್ಟೆ. ನಾಳೆಯಿಂದಲೇ ಡ್ಯೂಟಿಯಂತೆ.' ಅವಳು ಅದನ್ನು ಓದುತ್ತಾ ಮಂಚದ ಮೇಲೇ ಕೂತಿದ್ದಳು. ಕೈಯಲ್ಲಿದ್ದ ಫೋನಿನೊಳಗಿಂದ ಡ್ರೈವರ್ "ಹಲೋ, ಹಲೋ" ಅನ್ನುತ್ತಲೇ ಇದ್ದ. ತಂಗಿ ಹೋದಮೇಲೆ ಮೊದಲ ಸಲ, ಅವಳು ರಾತ್ರಿಯಿಡೀ ನಿದ್ದೆ ಮಾಡಿದ್ದಳು.