ಒಂದೇ ಸಂದಿಯಲ್ಲಿ ನುಸುಳಿದವರು

ಸಾಹೇಬರು ಬ್ಯಾಗನ್ನು ತಲೆಕೆಳಗೆ ಹಿಡಿದು ಕೊಡವಿದರು. ಪುಸ್ತಕಗಳು ದಬದಬನೆ ಮೇಜಿನ ಮೇಲೆ ಬಿದ್ದವು. ಖಾಲಿ ಟಿಫಿನ್ ಡಬ್ಬಿ ಉರುಳಿಕೊಂಡು ಹೋಗಿ ದಪ್ಪನೆಯ ರಿಜಿಸ್ಟರಿಗೆ ತಾಗಿ ನಿಂತಿತು. ಕೊನೆಗೆ ಒಂದು ತುಂಡು ರಬ್ಬರ್ ಬಿತ್ತು.

“ಇಷ್ಟೇನಾ?” ಎಂದರು ಸಾಹೇಬರು.

“ಇಷ್ಟೇ ಸಾರ್,” ಎಂದಳು ಕಡ್ಡಿ.

ಅವಳ ನಿಜವಾದ ಹೆಸರನ್ನು ಆಗಲೇ ಆ ರಿಜಿಸ್ಟರಿನಲ್ಲಿ ಬರೆದಾಗಿತ್ತು. ಆದರೆ ಮನೆಯಲ್ಲೂ ಐದನೇ ಕ್ಲಾಸಿನಲ್ಲೂ ಎಲ್ಲರೂ ಕರೆಯುವುದು ಕಡ್ಡಿ ಅಂತಲೇ. ಅಷ್ಟು ಸಣಕಲಿ.

ಭುಜದ ಮೇಲೆ ಸ್ಟಾರ್ ಇದ್ದ ಪೊಲೀಸರನ್ನು ಸ್ಟೇಷನ್ನಿನಲ್ಲಿ ಎಲ್ಲರೂ ಸಾಹೇಬರು ಅನ್ನುತ್ತಿದ್ದರು. ಅವರು ಗಣಿತದ ಪುಸ್ತಕ ತೆರೆದರು. ಮೊದಲ ಪುಟದಲ್ಲಿ ನೇರಳೆ ಬಣ್ಣದ ಸೀಲು ಇತ್ತು: ಉಚಿತ ವಿತರಣೆ.

“ಪುಸ್ತಕ ಫ್ರೀ. ಯೂನಿಫಾರ್ಮೂ ಫ್ರೀನೇ ಇರ್ಬೇಕು. ಅದಕ್ಕೇ ನಲ್ಲೀನೂ ಫ್ರೀ ಅಂದ್ಕೊಂಡ್ಯಾ?”

ಬಾಗಿಲ ಬಳಿ ನಿಂತಿದ್ದ ಪೊಲೀಸ್ ಕಿಸಕ್ಕನೆ ನಕ್ಕ. ರಿಜಿಸ್ಟರ್ ಬರೆಯುತ್ತಿದ್ದ ಮಹಿಳಾ ಪೊಲೀಸ್ ನಗಲಿಲ್ಲ.

“ನಾವು ನಲ್ಲಿ ಮುಟ್ಟೇ ಇಲ್ಲ ಸಾರ್. ಕಪ್ಪೆಮರಿ ನೋಡಕ್ಕೆ ಹೋಗಿದ್ವಿ.”

ಈ ಮಾತನ್ನು ಅವಳು ಹೇಳಿದ್ದು ಇದು ನಾಲ್ಕನೇ ಸಲ. ಹೇಳಿ ಹೇಳಿ ಅದು ಅವಳ ಕಿವಿಗೇ ಸುಳ್ಳಿನ ಹಾಗೆ ಕೇಳಿಸತೊಡಗಿತ್ತು.

ಆದದ್ದು ಇಷ್ಟೇ. ಸ್ಕೂಲಿನ ಹಿಂದೆ ಒಂದು ಹಳೇ ಈಜುಕೊಳ ಇದೆ. ಮುಚ್ಚಿ ಎರಡು ವರ್ಷವಾಗಿದೆ. ಸುತ್ತಲೂ ತಂತಿಬೇಲಿ, ಬೇಲಿಯ ಮೂಲೆಯಲ್ಲೊಂದು ಸಂದಿ. ಕೊಳದ ತಳದಲ್ಲಿ ನಿಂತ ಮಳೆನೀರಿನಲ್ಲಿ ಕಪ್ಪೆಮರಿಗಳಿವೆ ಅಂತ ಕಂಡುಹಿಡಿದದ್ದು ಬಟನ್.

ಬಟನ್ ಅಂದರೆ ಕಡ್ಡಿಯ ಬೆಸ್ಟ್ ಫ್ರೆಂಡ್. ಅವಳದು ಗುಂಡನೆಯ ಕಣ್ಣು, ಅದಕ್ಕೇ ಆ ಹೆಸರು. “ಕೆಲವಕ್ಕೆ ಕಾಲು ಬಂದಿದೆ ಕಣೇ! ಬಾಲಾನೂ ಇದೆ, ಕಾಲೂ ಇದೆ! ಬಾರೇ, ಐದೇ ನಿಮಿಷ,” ಎಂದು ಅವಳು ಕೈಹಿಡಿದು ಎಳೆದಿದ್ದಳು. ಸ್ಕೂಲು ಬಿಟ್ಟ ಮೇಲೆ ಇಬ್ಬರೂ ಒಂದೇ ಸಂದಿಯಲ್ಲಿ ನುಸುಳಿದ್ದರು. ಕಾಲು ಬಂದವುಗಳನ್ನು ಎಣಿಸುತ್ತಾ ಹದಿಮೂರಕ್ಕೆ ಬಂದಿದ್ದಾಗ ವಾಚ್‌ಮನ್ನಿನ ಸೀಟಿ ಕೇಳಿಸಿತು. ಆ ಜಾಗದಿಂದ ಹೋದ ತಿಂಗಳು ಹಿತ್ತಾಳೆ ನಲ್ಲಿಗಳು ಕಳುವಾಗಿದ್ದವಂತೆ. ವಾಚ್‌ಮನ್ ಫೋನ್ ಮಾಡಿದ, ಜೀಪು ಬಂತು.

“ಮನೆ ಎಲ್ಲಿ?” ಎಂದು ಸಾಹೇಬರು ಮೊದಲು ಬಟನ್‌ಳನ್ನು ಕೇಳಿದರು.

“ಕೆರೆ ಪಕ್ಕದ ರೋಡು, ಕೊನೇ ಮನೆ ಅಂಕಲ್. ನಮ್ಮಪ್ಪ ಡಾಕ್ಟರ್.”

“ನಿಂದು?”

“ಸಿ ಬ್ಲಾಕ್ ಸಾರ್,” ಎಂದಿದ್ದಳು ಕಡ್ಡಿ. ಸಿ ಬ್ಲಾಕ್ ಎಂದರೆ ಸರ್ಕಾರ ಕಟ್ಟಿಸಿಕೊಟ್ಟ ಬೂದು ಬಣ್ಣದ ಕಟ್ಟಡ. ಅದಾದ ಮೇಲೆ ಸಾಹೇಬರು ಏನನ್ನೂ ಕೇಳಿರಲಿಲ್ಲ.

ಜೀಪು ಮೊದಲು ಕೆರೆ ಪಕ್ಕದ ರೋಡಿಗೆ ಹೋಯಿತು. ಬಟನ್‌ಳ ಅಮ್ಮ ಗಾಬರಿಯಿಂದ ಗೇಟಿಗೆ ಓಡಿಬಂದರು. ಸಾಹೇಬರು ಟೋಪಿ ತೆಗೆದು ನಗುತ್ತಾ, “ಏನಿಲ್ಲ ಮೇಡಂ, ನೀವು ಗಾಬರಿಯಾಗ್ಬೇಡಿ. ಮಕ್ಕಳಲ್ವಾ, ಆಟ ಆಡಕ್ಕೆ ಹೋಗಿದಾರೆ. ಬಿದ್ದುಗಿದ್ದಾರು ಅಂತ ಕರ್ಕೊಂಡು ಬಂದ್ವಿ,” ಎಂದರು.

“ಅಯ್ಯೋ, ತುಂಬಾ ಥ್ಯಾಂಕ್ಸ್. ಬನ್ನಿ, ಕಾಫಿ ಕುಡ್ಕೊಂಡು ಹೋಗಿ.”

“ಅಮ್ಮಾ, ಅವಳು…” ಎಂದು ಬಟನ್ ಜೀಪಿನ ಕಡೆ ಕೈ ತೋರಿಸಿದಳು. ಅವಳ ಅಮ್ಮ ಜೀಪಿನೊಳಗೆ ನೋಡಿದರು. ಕಡ್ಡಿಯ ಮುಖ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬೇರೇನನ್ನೋ ನೋಡಿದವರ ಹಾಗೆ ಕಣ್ಣು ತಿರುಗಿಸಿಕೊಂಡು ಮಗಳನ್ನು ಒಳಗೆ ಕರೆದುಕೊಂಡು ಹೋದರು.

ತನ್ನನ್ನೂ ಮನೆಗೇ ಬಿಡುತ್ತಾರೆ ಅಂತ ಕಡ್ಡಿ ಅಂದುಕೊಂಡಿದ್ದಳು. ಜೀಪು ಸಿ ಬ್ಲಾಕಿನ ತಿರುವಿನಲ್ಲಿ ತಿರುಗಲೇ ಇಲ್ಲ.

ಈಗ ಅವಳು ಪುಸ್ತಕಗಳನ್ನು ಒಂದೊಂದಾಗಿ ಬ್ಯಾಗಿಗೆ ತುಂಬುತ್ತಿದ್ದಳು. ತಲೆಯ ಮೇಲೆ ಫ್ಯಾನು ಕಿರುಗುಟ್ಟುತ್ತಾ ತಿರುಗುತ್ತಿತ್ತು. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ, ಡ್ಯೂಟಿ ಮುಗಿಯುವ ತನಕ ಫೋನ್ ಮುಟ್ಟುವಂತಿಲ್ಲ. ಹಾಗಾಗಿ ಸ್ಟೇಷನ್ನಿನಿಂದ ಫೋನ್ ಹೋಗಿದ್ದು ಅಪ್ಪನಿಗೆ.

ಅಪ್ಪ ಬಂದದ್ದು ಅವಳಿಗೆ ನೋಡುವ ಮೊದಲೇ ಗೊತ್ತಾಯಿತು. ಹೊರಗೆ ಐದು ಮೆಟ್ಟಿಲಿದ್ದವು. ಒಂದು ಹೆಜ್ಜೆ, ತಡ. ಇನ್ನೊಂದು ಹೆಜ್ಜೆ, ಇನ್ನೂ ತಡ. ಆಮೇಲೆ ಬಾಗಿಲಲ್ಲಿ ಅಪ್ಪ ನಿಂತಿದ್ದ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು. ಸೀದಾ ಮಗಳ ಮುಖ ನೋಡಿದ. ಅಳ್ತಿಲ್ವಲ್ಲ ಅಂತ ಕಣ್ಣಲ್ಲೇ ಕೇಳಿದ. ಅವಳು ಇಲ್ಲ ಅಂತ ತಲೆಯಾಡಿಸಿದಳು.

“ಏನಯ್ಯಾ, ನೀನಾ ಇವಳಪ್ಪ?”

“ಹೌದು ಸಾರ್.”

ಕಡ್ಡಿ ತಟ್ಟನೆ ತಲೆಯೆತ್ತಿದಳು. ಅವಳೂ ಅಪ್ಪನನ್ನು ನೀನು ಅಂತಲೇ ಮಾತಾಡಿಸುವುದು. ಆದರೆ ಈ ‘ನೀನು’ ಬೇರೆ ಥರ ಇತ್ತು. ಕೆರೆ ಪಕ್ಕದ ರೋಡಿನಲ್ಲಿ ಇದೇ ಬಾಯಿ ‘ನೀವು’ ಅಂದಿತ್ತು.

“ಏನ್ ಕೆಲಸ ನಿಂದು?”

“ಲಿಫ್ಟ್ ರಿಪೇರಿ ಮಾಡ್ತಿದ್ದೆ ಸಾರ್. ಕೆಲಸದಲ್ಲಿ ಬಿದ್ದು ಬೆನ್ನುಮೂಳೆ ಮುರೀತು. ಈಗ ಸರ್ಕಾರದ ಸಹಾಯಧನ ಬರುತ್ತೆ.”

“ಅಂದ್ರೆ ಮನೇಲಿ ಕೂತು ತಿನ್ನೋದು.”

“ಹೌದು ಸಾರ್.”

“ನೋಡಕ್ಕೆ ಗಟ್ಟಿಮುಟ್ಟಾಗೇ ಇದ್ದೀಯ. ಮೆಟ್ಲು ಹತ್ಕೊಂಡು ಬಂದ್ಯಲ್ಲ.”

“ಹೌದು ಸಾರ್.”

“ನಾವು ದುಡಿದು ಟ್ಯಾಕ್ಸ್ ಕಟ್ಟಿ ನಿಮ್ಮನ್ನ ಸಾಕೋದು, ನಿಮ್ ಮಕ್ಳು ಸರ್ಕಾರದ ನಲ್ಲೀನೇ ಬಿಚ್ಕೊಂಡು ಹೋಗೋದು. ಚೆನ್ನಾಗಿದೆ ವ್ಯವಹಾರ.”

ಕಡ್ಡಿಗೆ ಮೈಯೆಲ್ಲ ಉರಿಯಿತು. ಸಾಹೇಬರ ಮೇಲಲ್ಲ, ಅಪ್ಪನ ಮೇಲೆ. ಯಾಕೆ ಸುಮ್ಮನೆ ನಿಂತಿದ್ದಾನೆ? ಮನೆಯಲ್ಲಿ ನೋವಿನಿಂದ ಸಾಕ್ಸ್ ಹಾಕಿಕೊಳ್ಳಕ್ಕೂ ಆಗಲ್ಲ ಅಂತ ಹೇಳಬಾರದಾ? ಎಲ್ಲಕ್ಕೂ ಹೌದು ಸಾರ್, ಹೌದು ಸಾರ್. ಅವಳು ನೆಲ ನೋಡುತ್ತಾ ನಿಂತಳು.

ಮಹಿಳಾ ಪೊಲೀಸ್ ಎದ್ದು ಒಂದು ಕುರ್ಚಿಯನ್ನು ಅಪ್ಪನ ಕಡೆ ತಳ್ಳಿದರು. “ಕೂತ್ಕೊಳ್ಳಿ.”

“ಪರವಾಗಿಲ್ಲ ಮೇಡಂ,” ಎಂದು ಅಪ್ಪ ನಿಂತೇ ಇದ್ದ.

ಸಾಹೇಬರು ಬಿಳಿ ಹಾಳೆ, ಪೆನ್ನು ಮುಂದೆ ಇಟ್ಟರು. “ಹೇಳಿದ್ ಹಾಗೆ ಬರಿ. ನನ್ನ ಮಗಳು ಅನುಮತಿ ಇಲ್ಲದೆ ಈಜುಕೊಳದೊಳಗೆ ಹೋಗಿರುತ್ತಾಳೆ.”

ಅಪ್ಪ ಮೇಜಿನ ಅಂಚು ಹಿಡಿದು, ನಿಧಾನವಾಗಿ ಬಗ್ಗಿ ಬರೆದ. ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು.

“ನಲ್ಲಿ ಕದಿಯುವ ಉದ್ದೇಶದಿಂದ…”

ಪೆನ್ನು ನಿಂತಿತು.

“ಅದನ್ನ ಬರೆಯಲ್ಲ ಸಾರ್.”

ಅಪ್ಪ ಜೋರಾಗಿ ಹೇಳಿರಲಿಲ್ಲ. ಆದರೂ ಬಾಗಿಲ ಬಳಿ ಇದ್ದ ಪೊಲೀಸ್ ಫೋನ್ ನೋಡುವುದನ್ನು ಬಿಟ್ಟು ಇತ್ತ ತಿರುಗಿದ.

“ಏನಂದೆ?”

“ಒಳಗೆ ಹೋಗಿದ್ದು ತಪ್ಪು ಸಾರ್. ಬರ್ದಿದೀನಿ. ಅವಳು ಕದಿಯಕ್ಕೆ ಹೋಗಿಲ್ಲ. ಅದನ್ನ ಬರೆಯಲ್ಲ.”

“ಬರ್ದು ಸೈನ್ ಹಾಕಿದ್ರೆ ಈಗ್ಲೇ ಮನೆಗೆ ಹೋಗ್ಬೋದು.”

“ಗೊತ್ತು ಸಾರ್.”

“ಹಾಗಾದ್ರೆ ನಿಂತಿರು,” ಎಂದು ಸಾಹೇಬರು ಬೇರೆ ಫೈಲು ತೆಗೆದರು.

ಅಪ್ಪ ನಿಂತ. ಗಡಿಯಾರದಲ್ಲಿ ಐದು ಗಂಟೆಯಾಗಿತ್ತು. ಯಾರೋ ಬಂದು ಕಳೆದುಹೋದ ಪರ್ಸಿನ ಬಗ್ಗೆ ಬರೆಸಿ ಹೋದರು. ಟೀ ಬಂತು, ಸಾಹೇಬರು ಕುಡಿದರು. ಐದೂಕಾಲಾಯಿತು. ಐದೂವರೆಯಾಯಿತು. ಅಪ್ಪನ ಹಣೆಯಿಂದ ಬೆವರು ಇಳಿದು ಇಸ್ತ್ರಿ ಮಾಡಿದ ಕಾಲರಿಗೆ ಸೇರುತ್ತಿತ್ತು. ಅವನು ಭಾರವನ್ನು ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ ಹಾಕುತ್ತಿದ್ದ, ಯಾರಿಗೂ ಕಾಣದ ಹಾಗೆ. ಕಡ್ಡಿಗೆ ಕಾಣುತ್ತಿತ್ತು.

“ಅಪ್ಪಾ, ಕೂತ್ಕೋ,” ಎಂದು ಪಿಸುಗುಟ್ಟಿದಳು. ಅಪ್ಪ ಇಲ್ಲ ಅಂತ ಕಣ್ಣು ಮಿಟುಕಿಸಿದ.

ಅವಳು ಮೆಲ್ಲಗೆ ರಿಜಿಸ್ಟರಿನ ಕಡೆ ಬಗ್ಗಿ ನೋಡಿದಳು. ಇವತ್ತಿನ ತಾರೀಕಿನ ಕೆಳಗೆ, ಈಜುಕೊಳ ಅಂತ ಬರೆದ ಕಡೆ ಒಂದೇ ಹೆಸರಿತ್ತು, ಅವಳದು.

“ಮೇಡಂ, ಇನ್ನೊಬ್ಬಳ ಹೆಸರು?” ಎಂದು ಕೇಳಿದಳು. ಬಟನ್‌ಳನ್ನು ಸಿಕ್ಕಿಸಬೇಕು ಅಂತಲ್ಲ. ಇಬ್ಬರು ಹೋಗಿದ್ದರೆ ಇಬ್ಬರ ಹೆಸರಿರಬೇಕಲ್ಲ, ಹಾಜರಿ ಪುಸ್ತಕದ ಹಾಗೆ.

ಮಹಿಳಾ ಪೊಲೀಸ್ ಅವಳನ್ನು ಒಂದು ಕ್ಷಣ ನೋಡಿದರು. ಸಾಹೇಬರ ಕಡೆ ನೋಡಿದರು. “ಸಾರ್, ಶಿಫ್ಟ್ ಚೇಂಜ್ ಆಗೋ ಹೊತ್ತಾಯ್ತು. ಮಗೂನ ಯಾಕೆ ಇಟ್ಕೊಂಡಿದೀರಾ ಅಂತ ಮುಂದಿನವರು ಕೇಳ್ತಾರೆ,” ಎಂದರು. ಅವರ ದನಿ ಸೋತುಹೋಗಿತ್ತು.

ಸಾಹೇಬರು ಆಕಳಿಸಿದರು. ಹಾಳೆಯನ್ನು ಎಳೆದುಕೊಂಡು ಓದಿದರು. ಅಲ್ಲಿ ಒಂದೇ ಸಾಲಿತ್ತು. “ಸೈನ್ ಹಾಕು. ಇನ್ನೊಂದ್ಸಲ ಆ ಕಡೆ ಕಂಡ್ರೆ ಸುಮ್ನೆ ಬಿಡಲ್ಲ.”

ಅಪ್ಪ ಆ ಒಂದು ಸಾಲಿನ ಕೆಳಗೆ, ನಡುವೆ ಬೇರೆ ಯಾರೂ ಏನೂ ಬರೆಯಲು ಜಾಗವಿಲ್ಲದ ಹಾಗೆ, ಒತ್ತಿ ಸೈನ್ ಹಾಕಿದ.

ಆ ಹೊತ್ತಿನಲ್ಲಿ ಬಸ್ಸುಗಳು ತುಂಬಿ ತುಳುಕುತ್ತವೆ, ನೂಕಾಟದಲ್ಲಿ ಅಪ್ಪನ ಬೆನ್ನಿಗೆ ಆಗುವುದಿಲ್ಲ. ಇಬ್ಬರೂ ನಡೆದೇ ಹೊರಟರು. ಸ್ಟೇಷನ್ ಕಾಣದಷ್ಟು ದೂರ ಅಪ್ಪ ನೆಟ್ಟಗೆ ನಡೆದ. ತಿರುವು ದಾಟಿದ್ದೇ ಗೋಡೆಗೆ ಕೈಯೂರಿ ಕಣ್ಣು ಮುಚ್ಚಿದ.

“ಅಪ್ಪಾ! ನೋವಾ?”

“ಸ್ವಲ್ಪ. ಹೋಗುತ್ತೆ.”

“ಮತ್ತೆ ಅಲ್ಲಿ ಯಾಕೆ ಕೂತ್ಕೊಳ್ಳಲಿಲ್ಲ?”

“ಅಷ್ಟು ತಗ್ಗಿನ ಕುರ್ಚೀಲಿ ಕೂತ್ರೆ ಒಬ್ಬನೇ ಏಳಕ್ಕಾಗಲ್ಲ ಕಣಮ್ಮ. ಅವರ ಮುಂದೆ ಎಬ್ಬಿಸ್ಕೊಳ್ಳೋದು ಬೇಡ ಅನ್ನಿಸ್ತು.”

“ನೋವಾಗುತ್ತೆ ಅಂತ ಹೇಳಬೇಕಿತ್ತು! ಅವರಿಗೆ ಗೊತ್ತಾಗ್ತಿತ್ತು.”

ಅಪ್ಪ ನಕ್ಕ. ಅದು ನಗುವಿನ ಹಾಗಿರಲಿಲ್ಲ. “ಬಗ್ಗಿ ನಡೆದ್ರೆ ನಾಟಕ ಅಂತಾರೆ. ನೆಟ್ಟಗೆ ನಡೆದ್ರೆ ಏನಾಗಿದೆ ನಿನಗೆ ಅಂತಾರೆ. ಆಫೀಸಲ್ಲೂ ಅಷ್ಟೇ, ಅಂಗಡೀಲೂ ಅಷ್ಟೇ. ಹೇಳಿ ಹೇಳಿ ಸಾಕಾಗಿದೆ.”

ಇಬ್ಬರೂ ಮತ್ತೆ ನಡೆಯತೊಡಗಿದರು.

“ಅಪ್ಪಾ, ಒಳಗೆ ಹೋಗಿದ್ದು ನನ್ನ ತಪ್ಪು.”

“ಹ್ಞೂಂ, ತಪ್ಪೇ. ಅಮ್ಮ ಬೈತಾಳೆ, ಬೈಸ್ಕೋ.” ಆಮೇಲೆ ಕೇಳಿದ, “ಕಾಲು ಬಂದಿತ್ತಾ ಕಪ್ಪೆಮರಿಗೆ?”

“ಹದಿಮೂರಕ್ಕೆ ಬಂದಿತ್ತು. ಇನ್ನೂ ಇದ್ವು.”

“ಪರವಾಗಿಲ್ವೇ!”

ಅಪ್ಪ ಒಂದು ಚಪ್ಪಲಿ ಅಂಗಡಿಯ ಮುಂದೆ ನಿಂತ. ಗಾಜಿನೊಳಗಿನ ಚಪ್ಪಲಿಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಗಡಿಯಾರದ ಅಂಗಡಿಯ ಮುಂದೆ ನಿಂತ. ಆಮೇಲೆ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಅಲ್ಲಿ ತೂಗುಹಾಕಿದ್ದ ರವಿಕೆಗಳನ್ನೂ ಅಷ್ಟೇ ಆಸಕ್ತಿಯಿಂದ ನೋಡುತ್ತಾ ನಿಂತುಬಿಟ್ಟ.

ಕಡ್ಡಿಗೆ ನಗು ಬರುವುದರಲ್ಲಿತ್ತು. ಅಪ್ಪನಿಗೇಕೆ ರವಿಕೆ? ಅಷ್ಟರಲ್ಲಿ ಗಾಜಿನಲ್ಲಿ ಅವನ ಮುಖ ಕಂಡಿತು. ಅವನು ರವಿಕೆ ನೋಡುತ್ತಿರಲಿಲ್ಲ. ತುಟಿ ಕಚ್ಚಿಕೊಂಡು, ಉಸಿರು ಎಳೆದು ಬಿಡುತ್ತಿದ್ದ. ದಾರಿಯಲ್ಲಿ ಹೋಗುವವರಿಗೆ ಮಾತ್ರ ಯಾರೋ ಒಬ್ಬರು ಅಂಗಡಿ ನೋಡುತ್ತಿದ್ದಾರೆ ಅಂತ ಕಾಣುತ್ತಿತ್ತು.

ಅಪ್ಪ ಹೊರಟಾಗ ಅವಳೂ ಹೊರಟಳು. ಈ ಸಲ ಅವಳೇ ಲೆಕ್ಕ ಹಾಕುತ್ತಾ ನಡೆದಳು. ಒಂದು ದೀಪದ ಕಂಬ ದಾಟಿತು, ಎರಡು ದಾಟಿತು. ಅಪ್ಪನ ಹೆಜ್ಜೆ ಎಳೆಯತೊಡಗಿದ್ದು ಕೇಳಿಸಿತು. ಅವನು ನಿಲ್ಲುವ ಮೊದಲೇ ಅವಳು ಗಕ್ಕನೆ ನಿಂತಳು.

“ಅಪ್ಪಾ, ತಾಳು. ನಾನಿದನ್ನ ನೋಡ್ಬೇಕು.”

ಅವಳು ತೋರಿಸಿದ ಅಂಗಡಿಗೆ ಶಟರ್ ಎಳೆದಾಗಿತ್ತು. ನೋಡಲು ಅಲ್ಲಿ ಏನೆಂದರೆ ಏನೂ ಇರಲಿಲ್ಲ, ಶಟರಿಗೆ ಅಂಟಿಸಿದ ಒಂದು ಸಣ್ಣ ಬೋರ್ಡ್ ಬಿಟ್ಟರೆ. ಅಪ್ಪ ಶಟರನ್ನು ನೋಡಿದ, ಮಗಳನ್ನು ನೋಡಿದ. ಪಕ್ಕದ ಕಂಬಕ್ಕೆ ಬೆನ್ನು ಒರಗಿಸಿಕೊಂಡ.

“ಇ…ಲ್ಲಿ… ವಾ…ಹ…ನ…” ಎಂದು ಕಡ್ಡಿ ಓದತೊಡಗಿದಳು. ಐದನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಬೇಗ ಓದುವ ಹುಡುಗಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಒಂದನೇ ಕ್ಲಾಸಿನವರಿಗಿಂತಲೂ ನಿಧಾನವಾಗಿ.